ಪೆಟ್ಟಿಗೆ ಹಂಚಿದರೆ ಜೇನು ಉಳಿಯುವುದಿಲ್ಲ

ಮೇ 20 ವಿಶ್ವ ಜೇನುನೊಣ ದಿನ. ಅಂದು ಒಂದು ವೇದಿಕೆ, ನಾಲ್ಕು ಭಾಷಣ, ಒಂದಷ್ಟು ಪೆಟ್ಟಿಗೆಗಳ ವಿತರಣೆ. ಎರಡು ಮೂರು ವಾರಕ್ಕೆ ಮಲೆನಾಡಿನಲ್ಲಿ ಮಳೆ ಹಿಡಿಯುತ್ತದೆ. ಹೂವು ಕಡಿಮೆ, ನೊಣ ಹೊರಗೆ ಹೋಗುವುದೂ ಕಷ್ಟ. ಆ ಪೆಟ್ಟಿಗೆಗಳು ಮಳೆಗಾಲ ದಾಟಿದವೇ ಎಂದು ಕೇಳುವವರು ಯಾರು?

2020ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನುತುಪ್ಪ ಮಿಷನ್ನಿಗೆ 500 ಕೋಟಿ ರೂಪಾಯಿ ಘೋಷಿಸಿತು. ‘ಸಿಹಿ ಕ್ರಾಂತಿ’ ಎಂಬ ಮಾತು ಎಲ್ಲೆಡೆ ಕೇಳಿಬಂತು. ಸಿಹಿ ಎಂದ ಕೂಡಲೇ ಲೆಕ್ಕ ತುಪ್ಪದ್ದಾಗುತ್ತದೆ: ಎಷ್ಟು ಪೆಟ್ಟಿಗೆ, ಎಷ್ಟು ಕಿಲೋ, ಎಷ್ಟು ರಫ್ತು. ಜೇನಿನ ದೊಡ್ಡ ಫಸಲು ಇರುವುದು ಬಾಟಲಿಯಲ್ಲಲ್ಲ, ಗಿಡದಲ್ಲಿ.

ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ ಬಿದ್ದು ಕೊಡಗಿನ ತೋಟ ಬೆಳ್ಳಗಾದಾಗ ಒಂದು ಗಿಡದ ಪರಾಗ ಇನ್ನೊಂದಕ್ಕೆ ಮುಟ್ಟಬೇಕು. ಗಾಳಿಯ ಜೊತೆ ಆ ಕೆಲಸಕ್ಕೆ ಬರುವವು ಹೆಜ್ಜೇನು, ತುಡುವೆ, ಮಿಸರಿ. ಇವುಗಳಲ್ಲಿ ಹೆಜ್ಜೇನು ಯಾವ ಪೆಟ್ಟಿಗೆಗೂ ಬಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಎತ್ತರದ ಮರ. ನಾವು ಆ ಮರ ಕಡಿಯುತ್ತೇವೆ. ಅದು ಬಂದು ಅಪಾರ್ಟ್‌ಮೆಂಟಿನ ಸಜ್ಜದಡಿ ತಟ್ಟಿ ಕಟ್ಟಿದರೆ ಬೆಂಕಿಯನ್ನೋ ವಿಷವನ್ನೋ ತರಿಸುತ್ತೇವೆ.

ಬದನೆ, ಟೊಮೆಟೊ ಹೂವುಗಳ ಕಥೆ ಬೇರೆ. ಅವುಗಳ ಪರಾಗ ಚೆನ್ನಾಗಿ ಉದುರಲು ಹೂವನ್ನು ಹಿಡಿದು ಮೈ ಝೇಂಕರಿಸಬೇಕು. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಬಾರದು. ಒಣಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಗೆ ಬರುತ್ತದೆ. ಪಂಪ ಬನವಾಸಿಯಲ್ಲಿ ಮರಿದುಂಬಿಯಾಗಿ ಹುಟ್ಟಲು ಹಂಬಲಿಸಿದಾಗ ನಂದನವನವನ್ನೂ ಸೇರಿಸಿಯೇ ಕೇಳಿಕೊಂಡ. ನಮ್ಮ ಯೋಜನೆಗಳಿಗೆ ವನದ ನೆನಪಿಲ್ಲ.

ಹಾಗಾದರೆ ಸಾಕಣೆಯೇ ಬೇಡವೇ? ಬೇಕು, ಆದರೆ ನೈಸರ್ಗಿಕವಾಗಿ. ಊರಿನ ತುಡುವೆಯನ್ನೇ ಸಾಕುವುದು, ಮಳೆಗಾಲಕ್ಕೆ ಬೇಕಾದ ತುಪ್ಪವನ್ನು ಗೂಡಿನಲ್ಲೇ ಬಿಡುವುದು, ತುಪ್ಪವನ್ನೆಲ್ಲ ಹಿಂಡಿ ಸಕ್ಕರೆ ಪಾಕ ಕುಡಿಸದಿರುವುದು, ಕುಟುಂಬ ಪಾಲಾಗಿ ಹಾರಿದರೆ ಅದನ್ನು ನಷ್ಟವೆಂದು ಬರೆಯದಿರುವುದು. ಹಾರಿದ ಹಿಂಡು ಕಾಡಿನ ಪೊಟರೆ ಸೇರಿದರೆ ಅದೂ ಹೂವಿಗೇ ಬರುತ್ತದೆ.

ಇದು ಬರೀ ಭಾವುಕತೆಯೆನ್ನುವವರು 1991-92ನ್ನು ನೆನೆಯಲಿ. ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಆ ವೈರಸ್ಸಿಗೆ ಮದ್ದಿಲ್ಲ. ಇಂದು ಪೆಟ್ಟಿಗೆಯಲ್ಲಿರುವ ತುಡುವೆ, ಅಂದು ಬದುಕುಳಿದ ಕುಟುಂಬಗಳ ಸಂತತಿ. ಹೊರಗಿನಿಂದ ತಂದ ಮೆಲಿಫೆರಾಕ್ಕೆ ತುಪ್ಪ ಹೆಚ್ಚು, ನಿಜ. ಆದರೆ ವರ್ರೋವಾ ನುಸಿ ಬಿದ್ದರೆ ಅದು ಸಾಕಿದವನ ಔಷಧಿಗೆ ಕಾಯಬೇಕು. ತುಡುವೆ ಆ ನುಸಿಯೊಂದಿಗೆ ಬಹುಕಾಲ ಬಾಳಿ, ಮೈಮೇಲಿನದನ್ನು ತಾನೇ ಹೆಕ್ಕಿ ಹಾಕುವುದನ್ನು ಕಲಿತಿದೆ.

ಇನ್ನು ವಿಷ. ಯುರೋಪಿಯನ್ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್ ಸೇರಿ ಮೂರು ಕೀಟನಾಶಕಗಳನ್ನು ಬಯಲಿನ ಬೆಳೆಗೆ ನಿಷೇಧಿಸಿತು; ಕಾರಣ ಜೇನು. ಆಮೇಲೂ ನಮ್ಮ ಅಂಗಡಿಗಳಲ್ಲಿ ಅದರ ಮಾರಾಟ ನಿಲ್ಲಲಿಲ್ಲ. ಒಂದು ಕೈಯಲ್ಲಿ ಪೆಟ್ಟಿಗೆಗೆ ಸಹಾಯಧನ, ಇನ್ನೊಂದು ಕೈಯಲ್ಲಿ ವಿಷಕ್ಕೆ ಪರವಾನಗಿ.

ಸಾಕುವವರಿಗೂ ಹೊಟ್ಟೆಪಾಡಿದೆ, ತುಪ್ಪ ಬಿಟ್ಟರೆ ಬದುಕುವುದು ಹೇಗೆಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವೂ ನ್ಯಾಯವಾಗಿರಲಿ: ಪರಾಗಸ್ಪರ್ಶದ ಲಾಭ ಇಡೀ ಊರಿಗೆ ಸಿಗುವಾಗ ಅದರ ಖರ್ಚು ಒಬ್ಬನ ತಲೆಗೆ ಯಾಕೆ? ಕೊಟ್ಟ ಪೆಟ್ಟಿಗೆಗಲ್ಲ, ಮಳೆಗಾಲ ದಾಟಿದ ಕುಟುಂಬಕ್ಕೆ ಹಣ ಕೊಡಿ. ಹೂಬಿಟ್ಟ ಹೊಲಕ್ಕೆ ಹಗಲು ವಿಷ ಹೊಡೆಯುವುದನ್ನು ನಿಲ್ಲಿಸಿ. ಹೆಜ್ಜೇನು ಕೂರುವ ಮರಗಳನ್ನು ಪಂಚಾಯಿತಿ ಗುರುತಿಸಿ ಕಾಯಲಿ. ಬೇಲಿಯಲ್ಲಿ ನಾಲ್ಕು ಕಾಡುಹೂವು, ತೋಟದಂಚಿನಲ್ಲಿ ಒಂದು ಒಣಮರ ಇರಲಿ.

ಇಷ್ಟಾದ ಮೇಲೆ ತುಪ್ಪ ಮಿಕ್ಕರೆ ತಿನ್ನೋಣ. ಮಿಗದಿದ್ದರೆ, ಅದು ಮೊದಲಿನಿಂದಲೂ ನೊಣದ್ದೇ.