ಹೊಸ ಟ್ರ್ಯಾಕ್ಟರಿನ ಎಣ್ಣೆ ಕೋಲು ಯಾರ ಕೈಯಲ್ಲಿರಬೇಕು?



ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಬಾರ್ಕೂರಿನ ಕಡೆಯ ಒಂದು ಬೈಲಿಗೆ ಹೋಗಿದ್ದೆ. ಯಂತ್ರನಾಟಿಗೆಂದು ಬೆಳೆಸಿದ ಚಾಪೆ ನೇಜಿ ಸೊಗಸಾಗಿ ಬಂದಿತ್ತು. ವಯಸ್ಸು 16 ದಿನ. ಗದ್ದೆಯ ನಡುವೆ ಹೊಸ ಟ್ರ್ಯಾಕ್ಟರು ನಿಂತಿತ್ತು. ಎಂಜಿನು ಹಿಡಿದು ಹಿಡಿದು ಬಂದಾಗಿದೆ, ಮೆಕ್ಯಾನಿಕ್ಕಿಗೆ ಹೇಳಿ ಕಳುಹಿಸಿದ್ದೇವೆ ಎಂದರು. ಆತ ಬಂದದ್ದು ನಾಲ್ಕನೆಯ ದಿನ. ಡೀಸೆಲ್ ಫಿಲ್ಟರಿನ ಅಡಿಯ ತಿರುಪನ್ನು ಸಡಿಲಿಸಿ ಅರ್ಧ ಲೋಟದಷ್ಟು ನೀರನ್ನು ಹೊರಬಿಟ್ಟ. ಪಂಪಿನ ಚಿಕ್ಕ ಹಿಡಿಯನ್ನು ಒತ್ತಿ ಒತ್ತಿ ಗಾಳಿ ತೆಗೆದ. ಹತ್ತು ನಿಮಿಷದಲ್ಲಿ ಎಂಜಿನು ಹಿಡಿಯಿತು. ಮಳೆಯಲ್ಲಿ ಅಂಗಳದ ಮೂಲೆಗೆ ಇಟ್ಟಿದ್ದ ಡೀಸೆಲ್ ಕ್ಯಾನಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅಷ್ಟೇ ಕಾರಣ.

ಆದರೆ ಕೆಸರು ಉಳುಮೆ ಮುಗಿದು, ಕೆಸರು ತಳ ಸೇರಿ, ನಾಟಿಯಂತ್ರ ಗದ್ದೆಗಿಳಿಯುವಾಗ ನೇಜಿಗೆ 22 ದಿನ ಆಗಿತ್ತು. ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು, ಸಸಿ ಎತ್ತರವಾಗಿತ್ತು. ಯಂತ್ರದ ಬೆರಳುಗಳು ಸಸಿಯನ್ನು ಕಿತ್ತವೇ ಹೊರತು ಸರಿಯಾಗಿ ನೆಡಲಿಲ್ಲ. ಸಾಲು ಸಾಲಿನಲ್ಲಿಯೂ ಖಾಲಿ ಜಾಗಗಳು. ಕೈನಾಟಿಯ ನೇಜಿಯಾದರೆ 21ರಿಂದ 25 ದಿನದವರೆಗೆ ತಾಳುತ್ತದೆ, ಚಾಪೆ ನೇಜಿಗೆ ಆ ತಾಳ್ಮೆ ಇಲ್ಲ.

ಬೇಸಾಯಶಾಸ್ತ್ರದವನಿಗೆ ಎಂಜಿನಿನ ಉಸಾಬರಿ ಏಕೆಂದು ಕೇಳುವವರಿಗೆ ಇದೇ ನನ್ನ ಉತ್ತರ. ನಾವು ಕ್ಷೇತ್ರ ಭೇಟಿಗೆ ಬಂದಾಗ ಬಿತ್ತನೆ ಎಂದು, ತಳಿ ಯಾವುದು, ಸುಣ್ಣ ಎಷ್ಟು ಹಾಕಿದಿರಿ ಎಂದೆಲ್ಲ ಕೇಳುತ್ತೇವೆ. ಟ್ರ್ಯಾಕ್ಟರಿನ ಎಣ್ಣೆ ನೋಡಿದಿರಾ ಎಂದು ಕೇಳುವುದಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹೊಸ ಟ್ರ್ಯಾಕ್ಟರು ಕೊಂಡವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಹೊಸ ಗಾಡಿಗ್ ಎಂತ ಆತ್ತ್? ಸರ್ವಿಸಿಗೆ ಅವ್ರೇ ಬತ್ರಲೆ." ಕಂಪನಿಯ ಸರ್ವಿಸು ಬೇರೆ, ನಿತ್ಯದ ಆರೈಕೆ ಬೇರೆ. ಸರ್ವಿಸನ್ನು ಅವರಿಂದಲೇ ಮಾಡಿಸಿ, ಚೀಟಿಯನ್ನು ಜೋಪಾನವಾಗಿಡಿ. ವಾರಂಟಿ ಇರುವಷ್ಟು ಕಾಲ ಡೀಸೆಲ್ ಪಂಪನ್ನಾಗಲಿ, ಹೈಡ್ರಾಲಿಕ್ ಭಾಗವನ್ನಾಗಲಿ, ಗೇರುಪೆಟ್ಟಿಗೆಯನ್ನಾಗಲಿ ನೀವು ಬಿಚ್ಚತಕ್ಕದ್ದಲ್ಲ. ಆದರೆ ಎರಡು ಸರ್ವಿಸುಗಳ ನಡುವಿನ ದಿನಗಳಲ್ಲಿ ಯಂತ್ರವನ್ನು ಕಾಯುವವರು ಯಾರು? ಅದು ಒಡೆಯನ ಕೆಲಸವೆಂಬುದು ನನ್ನ ಖಚಿತ ಅಭಿಪ್ರಾಯ.

ಸರ್ವಿಸಿನ ಲೆಕ್ಕದಲ್ಲಿಯೇ ನಮ್ಮ ಕರಾವಳಿಯವರು ಎಡವುತ್ತಾರೆ. ಹೆಚ್ಚಿನ ಕಂಪನಿಗಳು ಮೊದಲನೆಯ ಸರ್ವಿಸನ್ನು 50 ಗಂಟೆಗೆ ಹೇಳುತ್ತವೆ. ಹೊಸ ಭಾಗಗಳು ಒಂದಕ್ಕೊಂದು ಉಜ್ಜಿಕೊಂಡು ಹದಕ್ಕೆ ಬರುವಾಗ ಲೋಹದ ನುಣ್ಣನೆಯ ಪುಡಿ ಎಣ್ಣೆಯಲ್ಲಿ ಸೇರುತ್ತದೆ. ಆದುದರಿಂದ ಆ ಮೊದಲ ಎಣ್ಣೆಯನ್ನೂ ಫಿಲ್ಟರನ್ನೂ ಬೇಗನೆ ಬದಲಿಸಬೇಕು. ಈಗ ನಮ್ಮ ಪದ್ಧತಿ ನೋಡಿ. ಮೇ ಕೊನೆಗೆ ಟ್ರ್ಯಾಕ್ಟರು ಮನೆಗೆ ಬರುತ್ತದೆ. ಜೂನಿನಲ್ಲಿ ನೇರವಾಗಿ ಕೆಸರಿಗೆ. ದಿನಕ್ಕೆ ಎಂಟು ಹತ್ತು ಗಂಟೆ ಓಡಿದರೆ ಐದಾರು ದಿನಕ್ಕೇ 50 ಗಂಟೆ ಮುಗಿಯಿತು. ನೆರೆಹೊರೆಯವರ ಗದ್ದೆಗೂ ಬಾಡಿಗೆಗೆ ಹೋಗುವುದರಿಂದ ಯಾರೂ ಗಂಟೆಯ ಮೀಟರನ್ನು ನೋಡುವುದಿಲ್ಲ. ಎಲ್ಲರಿಗೂ ಮೆಕ್ಯಾನಿಕ್ ಬೇಕಾಗುವುದೂ ಅದೇ ವಾರದಲ್ಲಿ.

ಟ್ರ್ಯಾಕ್ಟರು ಕೊಳ್ಳುವುದಿದ್ದರೆ ಮಾರ್ಚ್ ಅಥವಾ ಏಪ್ರಿಲಿನಲ್ಲಿ ಕೊಳ್ಳಿ. ಗೊಬ್ಬರ ಸಾಗಿಸಿ, ಬೇಸಗೆಯ ಒಂದೆರಡು ಮಳೆ ಬಿದ್ದ ಮೇಲೆ ಮಜಲು ಗದ್ದೆಗಳಲ್ಲಿ ಹಗುರವಾಗಿ ಉಳುಮೆ ಮಾಡಿ. ಮೊದಲ ಗಂಟೆಗಳಲ್ಲಿ ಎಂಜಿನಿನ ಮೇಲೆ ಪೂರ್ಣ ಭಾರ ಹಾಕುವುದು ಹೇಗೂ ಲೇಸಲ್ಲ. ಮೊದಲ ಸರ್ವಿಸನ್ನು ಮುಗಿಸಿಕೊಂಡೇ ಕೆಸರಿಗೆ ಇಳಿಯಬಹುದು.

ಬಯಲುಸೀಮೆಯಲ್ಲಿ ಟ್ರ್ಯಾಕ್ಟರಿನ ಶತ್ರು ಧೂಳು. ನಮ್ಮಲ್ಲಿ ನೀರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬೈಲು ಗದ್ದೆಯ ಕೆಸರಿನಲ್ಲಿ ಮುಂದಿನ ಚಕ್ರದ ಗುಂಬವೇ ಮುಳುಗುತ್ತದೆ. ಕೈಪಿಡಿಯ ಪಟ್ಟಿಯಲ್ಲಿರುವ ಗಂಟೆಗಳು ಸಾಧಾರಣ ಕೆಲಸಕ್ಕೆ ಹೇಳಿದವು. ಕೆಸರಿನ ಕೆಲಸಕ್ಕೆ ಅವಧಿಯನ್ನು ಕಡಿಮೆ ಮಾಡಿಕೊಳ್ಳಬೇಕು. ಗ್ರೀಸಿನ ಮಟ್ಟಿಗಂತೂ ಕೆಸರು ಉಳುಮೆಯ ದಿನಗಳಲ್ಲಿ ಪ್ರತಿ ಸಂಜೆಯೂ ಹೊಡೆಯಬೇಕು. ಬೆಳಿಗ್ಗೆ ಅಲ್ಲ, ಸಂಜೆ. ಒಳಗೆ ಸೇರಿದ ನೀರು ರಾತ್ರಿಯಿಡೀ ನಿಂತರೆ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಮೊದಲು ನಿಪ್ಪಲಿನ ತುದಿಯನ್ನು ಬಟ್ಟೆಯಿಂದ ಒರಸಿ, ಕೆಸರು ಬೆರೆತ ಹಳೆಯ ಗ್ರೀಸು ಹೊರಬಂದು ಶುದ್ಧ ಗ್ರೀಸು ಕಾಣುವವರೆಗೆ ಒತ್ತಬೇಕು. ಮುಂದಿನ ಅಚ್ಚು, ಸ್ಟೀರಿಂಗಿನ ಕೀಲುಗಳು, ಹಿಂದಿನ ಮೂರು ಕೊಂಡಿಗಳು ಯಾವುದನ್ನೂ ಬಿಡಬಾರದು.

ಬೆಳಿಗ್ಗೆಯ ಕೆಲಸ ಹತ್ತು ನಿಮಿಷದ್ದು. ಸಮನೆಲದಲ್ಲಿ ನಿಲ್ಲಿಸಿ, ಎಂಜಿನು ಚಾಲೂ ಮಾಡುವ ಮೊದಲೇ ಎಣ್ಣೆ ಕೋಲನ್ನು ತೆಗೆದು ಒರಸಿ, ಮತ್ತೆ ಇಳಿಸಿ ನೋಡಬೇಕು. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆಯನ್ನು ದಾಟಿಸಿ ತುಂಬುವುದೂ ತಪ್ಪು. ರೇಡಿಯೇಟರಿನ ನೀರನ್ನು ತಣ್ಣಗಿರುವಾಗ ನೋಡಿ. ಬಿಸಿಯಿರುವಾಗ ಮುಚ್ಚಳ ತೆರೆದರೆ ಮುಖ ಸುಟ್ಟುಕೊಳ್ಳುವುದು ಖಂಡಿತ. ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಕಂಡರೆ ಬಿಟ್ಟುಬಿಡಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ತಗ್ಗಿದರೆ ಸಾಕು. ಚಕ್ರದ ನಟ್ಟುಗಳು, ಅದರಲ್ಲಿಯೂ ಕಬ್ಬಿಣದ ಕೇಜ್ ವೀಲ್ ಹಾಕಿದ ದಿನಗಳಲ್ಲಿ, ಬಿಗಿಯಾಗಿವೆಯೇ ಎಂದು ನೋಡಿಯೇ ಹೊರಡಿ.

ಗೇರು ಎಣ್ಣೆಯ ಬಗ್ಗೆ ಒಂದು ಮಾತು. ಕೋಲಿಗೆ ಅಂಟಿದ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಆ ದಿನ ಎಷ್ಟೇ ಅವಸರವಿರಲಿ, ಟ್ರ್ಯಾಕ್ಟರನ್ನು ನಿಲ್ಲಿಸಿ ಸರ್ವಿಸಿನವರನ್ನು ಕರೆಸಿ. ಹಲವು ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ಕೆಟ್ಟರೆ ಎರಡೂ ಕೆಡುತ್ತವೆ. ಮಾರುವವರು ನಗುನಗುತ್ತಾ ವಾರಂಟಿಯಲ್ಲಿ ಆಗುತ್ತದೆ ಎಂದು ಹೇಳಿದ್ದರೂ, ನೀರು ಹೋಗಿ ಕೆಟ್ಟದ್ದಕ್ಕೆ ವಾರಂಟಿ ಕೇಳುವಾಗ ಆ ನಗು ಇರುವುದಿಲ್ಲ.

ಗಂಗೊಳ್ಳಿ, ಹಂಗಾರಕಟ್ಟೆ ಮೊದಲಾದ ಹೊಳೆಬಾಯಿಯ ಹತ್ತಿರದವರಿಗೆ ಉಪ್ಪುನೀರಿನ ಕಾಟ ಬೇರೆ. ಅಂಥಲ್ಲಿ ಕೆಲಸ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ಆದರೆ ಪಂಪಿನ ರಭಸದ ನೀರನ್ನು ಅಚ್ಚಿನ ಸೀಲುಗಳಿಗೂ, ಬ್ಯಾಟರಿ ವಯರುಗಳಿಗೂ, ರೇಡಿಯೇಟರಿನ ತೆಳ್ಳನೆಯ ಎಲೆಗಳಿಗೂ ನೇರವಾಗಿ ಬಿಡಬಾರದು. ತೊಳೆದ ಮೇಲೆಯೇ ಗ್ರೀಸು. ರೋಟವೇಟರಿನಡಿಯ ಹುಲ್ಲು ತೆಗೆಯುವಾಗ ಎಂಜಿನನ್ನು ಬಂದು ಮಾಡಿ, ಉಪಕರಣವನ್ನು ನೆಲಕ್ಕೆ ಇಳಿಸಿರಿ. ಅಡಿಗೆ ಕೈಹಾಕಲೇಬೇಕಾಗಿ ಬಂದರೆ ಎತ್ತಿದ ಉಪಕರಣಕ್ಕೆ ಗಟ್ಟಿಯಾದ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ಕನ್ನು ನಂಬಿ ಅದರಡಿ ನುಗ್ಗಬೇಡಿ.

ಇನ್ನೊಂದು ತೊಡಕು ನಮ್ಮ ಕುಂದಾಪುರ, ಬೈಂದೂರಿನ ಕಡೆಗೆ ವಿಶೇಷವಾದದ್ದು. ಮನೆಯ ಯಜಮಾನರು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಹೋಟೆಲು ನಡೆಸುತ್ತಾರೆ, ಟ್ರ್ಯಾಕ್ಟರು ಓಡಿಸುವವನು ದಿನಸಂಬಳದ ಚಾಲಕ. ಅವನು ಒಳ್ಳೆಯವನೇ ಇರಬಹುದು. ಆದರೆ ನಾಳೆ ಇನ್ನೊಬ್ಬರ ಗಾಡಿ ಹತ್ತುವವನಿಗೆ ಈ ಗಾಡಿಯ ಎಣ್ಣೆಯ ಚಿಂತೆ ಏಕಿರಬೇಕು? ಇಂಥ ಮನೆಗಳಲ್ಲಿ ಹೆಂಗಸರು ಈ ಕೆಲಸ ವಹಿಸಿಕೊಳ್ಳಬೇಕೆಂದು ನಾನು ಹೇಳುತ್ತೇನೆ. ಹಾಲಿನ ಡೇರಿಯ ಲೆಕ್ಕ ಇಡುವ ಅಮ್ಮನಿಗೆ ಎಣ್ಣೆ ಕೋಲಿನ ಎರಡು ಗೆರೆ ನೋಡುವುದು ಕಷ್ಟವಲ್ಲ. ಬಾಗಿಲ ಹಿಂದೆ ಒಂದು ಪುಸ್ತಕ ತೂಗುಹಾಕಿ, ದಿನವೂ ಮೀಟರಿನ ಗಂಟೆ, ತುಂಬಿದ ಡೀಸೆಲ್, ಗ್ರೀಸು ಹೊಡೆದದ್ದು ಬರೆದಿಡಲಿ. ಮುಂದೆ ಮೆಕ್ಯಾನಿಕ್ ಬಂದಾಗ ಅವನು ಮೊದಲು ಕೇಳುವುದೇ ಇದನ್ನು.

ಹಾಗೆಯೇ ನಾವೂ ಕೃಷಿ ವಿಜ್ಞಾನ ಕೇಂದ್ರದ ಮುಂಗಾರು ತರಬೇತಿಗಳಲ್ಲಿ ತಳಿ, ಗೊಬ್ಬರದ ಜೊತೆಗೆ ಅರ್ಧ ದಿನವನ್ನು ಇದಕ್ಕೆ ಮೀಸಲಿಡಬೇಕು. ಮಾತಿನಲ್ಲಲ್ಲ, ಗ್ರೀಸ್ ಗನ್ನನ್ನು ರೈತರ ಕೈಗೆ ಕೊಟ್ಟು. ಫಿಲ್ಟರಿನ ಗಾಳಿ ತೆಗೆಯುವುದನ್ನು ಒಮ್ಮೆ ಸ್ವತಃ ಮಾಡಿದವರು ಮರೆಯುವುದಿಲ್ಲ.

ಡೀಸೆಲಿನ ವಿಷಯ ಮತ್ತೆ ಹೇಳುತ್ತೇನೆ. ಪೀಪಾಯಿಯನ್ನು ಮಾಡಿನ ಅಡಿಯಲ್ಲಿ ತುಸು ಓರೆಯಾಗಿ ಇಡಿ. ತಂದ ಡೀಸೆಲನ್ನು ಒಂದು ದಿನ ಅಲುಗಿಸದೆ ಬಿಟ್ಟರೆ ನೀರೂ ಕಸವೂ ತಳಕ್ಕೆ ಇಳಿಯುತ್ತವೆ. ಮೇಲಿನದನ್ನು ಮಾತ್ರ ತೆಗೆದು, ಜಾಲರಿಯಲ್ಲಿ ಸೋಸಿ ತುಂಬಿಸಿ. ಟ್ಯಾಂಕನ್ನು ಸಂಜೆಯೇ ತುಂಬಿಸಿಡುವುದು ಹಿತ. ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಯಾಗಿ ಡೀಸೆಲಿಗೆ ಸೇರುತ್ತದೆ. ನಾಟಿ ಮುಗಿದು ಕೊಯ್ಲಿನವರೆಗೆ ಟ್ರ್ಯಾಕ್ಟರು ಕೊಟ್ಟಿಗೆಯಲ್ಲಿ ನಿಲ್ಲುವಾಗಲೂ ಟ್ಯಾಂಕು ತುಂಬಿಯೇ ಇರಲಿ, ಬ್ಯಾಟರಿಯ ಒಂದು ವಯರನ್ನು ಕಳಚಿಡಿ, ಹದಿನೈದು ದಿನಕ್ಕೊಮ್ಮೆ ಜೋಡಿಸಿ ಎಂಜಿನನ್ನು ಸ್ವಲ್ಪ ಹೊತ್ತು ಓಡಿಸಿ.