ರಾಯರ ಒಂಬತ್ತು

ಹೋದ ಭಾನುವಾರ ಕರೆಂಟ್ ಬಿಲ್ ಕಟ್ಟೋಣವೆಂದು ಮೊಬೈಲ್ ಹಿಡಿದು ಕೂತಿದ್ದೆ. ಎಂಟನೇ ಕ್ಲಾಸಿನ ಮೊಮ್ಮಗ ಬಂದವನೇ, "ಕೊಡಿ ತಾತ, ನಾನು ಮಾಡ್ತೀನಿ" ಎಂದು ಕಿತ್ತುಕೊಂಡು ಅರ್ಧ ನಿಮಿಷದಲ್ಲಿ ಮುಗಿಸಿದ. ಬಿಲ್ಲೇನೋ ಕಟ್ಟಿದ್ದಾಯಿತು, ನಾನು ಕಲಿತದ್ದು ಸೊನ್ನೆ. ಆಗ ನಮ್ಮ ಶಾಖೆಯ ರಾಯರು ನೆನಪಾದರು.

ಅದು 2000ನೇ ಇಸವಿ. ಬ್ಯಾಂಕಿನಲ್ಲಿ ದಪ್ಪ ದಪ್ಪ ಲೆಡ್ಜರುಗಳು ಹೋಗಿ ಕಂಪ್ಯೂಟರ್ ಬರುತ್ತಿದ್ದ ಕಾಲ. ರಾಯರಿಗೆ ಐವತ್ತೈದು ದಾಟಿತ್ತು. ತರಬೇತಿಯ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. "ಇನ್ನೆಷ್ಟು ವರ್ಷ ಇರ್ತಾರೆ, ಕಲಿಸಿ ಏನಾಗಬೇಕು?" ಅಂದವರಲ್ಲಿ ನಾನೂ ಒಬ್ಬ. ನನಗೇನು ಎಳೆ ವಯಸ್ಸೇ? ನಲವತ್ತೆಂಟು!

ಒಂದು ಸಂಜೆ, ಲೆಡ್ಜರಿನ ಬಾಕಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ ಕೂಡಿದರೆ ಮೊತ್ತ 2,700 ರೂಪಾಯಿ ಹೆಚ್ಚು ಬಂತು. ಹುಡುಗರು ಮೊದಲ ಖಾತೆಯಿಂದ ಮತ್ತೆ ತಾಳೆ ನೋಡತೊಡಗಿದರು. ನೂರಾರು ಖಾತೆಗಳು. ರಾಯರು ಮೂಲೆಯಿಂದಲೇ "ಎಷ್ಟು ವ್ಯತ್ಯಾಸ?" ಎಂದು ಕೇಳಿ, ಕ್ಷಣ ಸುಮ್ಮನಿದ್ದು ಹೇಳಿದರು: "ಒಂಬತ್ತರಿಂದ ಭಾಗವಾಗುತ್ತೆ, ಯಾರೋ ಅಂಕಿ ತಿರುಗಿಸಿ ಹೊಡೆದಿರಬೇಕು. ಭಾಗಿಸಿದರೆ ಮುನ್ನೂರು. ಸಾವಿರದ ಅಂಕಿಗೂ ನೂರರ ಅಂಕಿಗೂ ಮೂರು ವ್ಯತ್ಯಾಸ ಇರೋ ಖಾತೆಗಳನ್ನು ಮಾತ್ರ ನೋಡಿ." ಹತ್ತೇ ನಿಮಿಷ. 2,530 ಇರಬೇಕಾದ ಕಡೆ 5,230 ಎಂದಿತ್ತು.

ಮಕ್ಕಳೇ, ನೀವೂ ಮಾಡಿ ನೋಡಿ. 82ನ್ನು ತಿರುಗಿಸಿದರೆ 28, ಕಳೆದರೆ 54. ಪಕ್ಕಪಕ್ಕದ ಯಾವ ಎರಡು ಅಂಕಿ ಅದಲುಬದಲಾದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗಲೇಬೇಕು. ರಾಯರ ಹತ್ತಿರ ಇನ್ನೊಂದು ಉಪಾಯವಿತ್ತು: ವ್ಯತ್ಯಾಸದ ಅರ್ಧ ಮೊತ್ತವನ್ನು ಹುಡುಕುವುದು. ಜಮೆ ಹೋಗಿ ಖರ್ಚಿಗೆ ಬಿದ್ದಿದ್ದರೆ ಅಲ್ಲಿ ಸಿಕ್ಕಿಬೀಳುತ್ತಿತ್ತು.

ಆ ವರ್ಷದ ಕೊನೆಗೆ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ದೇಶದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೆಲಸ ಬಿಟ್ಟರು. ರಾಯರೂ ಅರ್ಜಿ ಕೊಟ್ಟರು. "ಯಾಕೆ ಸಾರ್?" ಎಂದರೆ, "ಆ ಯಂತ್ರದ ಮುಂದೆ ನನ್ನನ್ನು ಕೂರಿಸೋರೇ ಇಲ್ಲವಲ್ಲಪ್ಪ" ಎಂದರು.

ನನಗೆ ನಾಚಿಕೆಯಾಯಿತು. ಅಂದಿನಿಂದ ಕೌಂಟರ್ ಮುಚ್ಚಿದ ಮೇಲೆ ಇಬ್ಬರೂ ಕೂರತೊಡಗಿದೆವು. ಮೊದಲ ದಿನ ನಾನೂ ಮೊಮ್ಮಗನ ಹಾಗೇ ಟಕಟಕ ಒತ್ತಿ ತೋರಿಸಿದೆ. ರಾಯರು ನನ್ನ ಕೈ ಸರಿಸಿ, "ಕೈ ನನ್ನದಿರಲಿ, ಬಾಯಿ ನಿಮ್ಮದಿರಲಿ" ಅಂದರು. ಯಾವ ಕೀಲಿ ಒತ್ತಿದರೆ ಏನು ಬರುತ್ತದೆಂದು ಒಂದು ನೋಟ್‌ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. ಮೂರನೇ ವಾರಕ್ಕೆ ತಾವೇ ಎಂಟ್ರಿ ಹಾಕುತ್ತಿದ್ದರು. ಅರ್ಜಿ ವಾಪಸ್ ಕೇಳಿದರು. ಕೊಟ್ಟ ಅರ್ಜಿ ಹಿಂದಕ್ಕೆ ಬರುವುದಿಲ್ಲ ಎಂದು ಮೇಲಿನಿಂದ ಉತ್ತರ ಬಂತು.

ಮಾರ್ಚ್ ಕೊನೆಗೆ ಹೊರಟರು. ನೋಟ್‌ಬುಕ್ ನನ್ನ ಕೈಗಿಟ್ಟರು. ಶಾಖೆಯಲ್ಲಿ ವಯಸ್ಸಾದ ಇನ್ನೂ ನಾಲ್ಕು ಜನ ಅದನ್ನು ನೋಡಿಯೇ ಕಂಪ್ಯೂಟರ್ ಕಲಿತರು. ಲೆಕ್ಕ ತಾಳೆಯಾಗದ ದಿನ ಮಾತ್ರ ಎಲ್ಲರ ಕಣ್ಣೂ ಆ ಮೂಲೆಯ ಕುರ್ಚಿಯ ಕಡೆಗೆ ಹೋಗುತ್ತಿತ್ತು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. ಬರುವ ತಿಂಗಳ ಬಿಲ್ಲನ್ನು ನಾನೇ ಒತ್ತಿ ಕಟ್ಟುವುದು, ಅವನು ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂರುವುದು ಎಂದು ಒಪ್ಪಂದವಾಗಿದೆ. ಬದಲಿಗೆ, ಅಂಕಿ ತಿರುಗಿದರೆ ಒಂಬತ್ತೇ ಯಾಕೆ ಬರುತ್ತದೆ ಎಂದು ನಾನು ಅವನಿಗೆ ಹೇಳಿಕೊಡಬೇಕಂತೆ.