ಬಸ್‌ಸ್ಟ್ಯಾಂಡಿನ ನಾಯಿಗೆ ವಾರಸುದಾರರು ಯಾರು?

ನಸುಕಿನ ಬಸ್ಸಿಗೆ ಗುಳೇದಗುಡ್ಡದ ಬಸ್‌ಸ್ಟ್ಯಾಂಡಿಗೆ ಬರುವವರನ್ನು ಮೊದಲು ಎದುರುಗೊಳ್ಳುವುದು ನಾಯಿಗಳ ಹಿಂಡು! ಬಾದಾಮಿಗೋ ಬಾಗಲಕೋಟೆಗೋ ಹೊರಟವರು ಖಣದ ಗಂಟು ಅವುಚಿಕೊಂಡು “ಹಚಾ, ಹಚಾ” ಅನ್ನುತ್ತ ದಾಟಬೇಕು. “ಏನ್ ಮಾಡೂದ್ರಿ, ಹೊಡದ್ರ ಪಾಪ, ಬಿಟ್ರ ಕಡೀತಾವ” ಎಂದರು ಅಂಗಡಿಕಾರರೊಬ್ಬರು. ಊರಿನ ಸಂಕಟವೆಲ್ಲ ಈ ಒಂದು ಮಾತಿನಲ್ಲಿದೆ.

ಊರಲ್ಲಿ ಕರುಣೆಗೆ ಬರ ಬಂದಿಲ್ಲ. ಮೈಲಾರಲಿಂಗನ ಪಕ್ಕದಲ್ಲೇ ನಾಯಿಗೆ ಜಾಗ ಕೊಟ್ಟ ಜನ ನಾವು. ಖಾನಾವಳಿಯವರು ಉಳಿದ ರೊಟ್ಟಿ ಹಾಕುತ್ತಾರೆ. ಗಾಲಿಗೆ ಸಿಕ್ಕು ಕಾಲು ಮುರಿದ ಮರಿಯನ್ನು ಹುಡುಗರು ಗೋಣಿಚೀಲದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಒಯ್ಯುತ್ತಾರೆ. ಇವರಿಗೆ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ. ಶಹಬ್ಬಾಸ್ ಅನ್ನಲೇಬೇಕು. ಆದರೆ ರೊಟ್ಟಿಯಿಂದ ಹೊಟ್ಟೆ ತುಂಬೀತು, ರೋಗ ನಿಂತೀತೇ? ಹೆಣ್ಣುನಾಯಿ ಎರಡೇ ತಿಂಗಳಿಗೆ ಈಯುತ್ತದೆ, ಒಂದು ಸೂಲಿಗೆ ಐದಾರು ಮರಿ. ರೊಟ್ಟಿಯ ಜೊತೆ ಸೂಜಿಯೂ ಬೇಕು, ಆಪರೇಷನ್ನೂ ಬೇಕು.

ಆ ಖರ್ಚು ಖಾನಾವಳಿಯವರ ತಲೆಗೆ ಕಟ್ಟುವಂಥದ್ದಲ್ಲ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯಡಿ 2001ರಲ್ಲಿ ನಿಯಮ ಬಂದವು, 2023ರಲ್ಲಿ ಹೊಸದಾದವು. ಬೀದಿನಾಯಿಗಳಿಗೆ ಸಂತಾನಹರಣ ಆಪರೇಷನ್ ಮಾಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವ ಹೊಣೆ ಸ್ಥಳೀಯ ಸಂಸ್ಥೆಯದು. ಅಂದರೆ ನಮ್ಮ ಪುರಸಭೆಯದು.

ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು, ಹುಚ್ಚು ಹಿಡಿದವು ಮತ್ತು ಮೈಮೇಲೆ ಬೀಳುವವನ್ನು ಬಿಟ್ಟು ಉಳಿದ ನಾಯಿಗಳನ್ನು ಆಪರೇಷನ್, ಲಸಿಕೆ ಮುಗಿಸಿ ಹಿಡಿದಲ್ಲಿಗೇ ಬಿಡಿ, ಅನ್ನ ಹಾಕಲು ಬೇರೆ ಜಾಗ ಗುರುತಿಸಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಮಾತ್ರ ಆಶ್ರಯತಾಣಕ್ಕೆ ಸಾಗಿಸಿ, ತಿರುಗಿ ಅಲ್ಲಿಗೆ ಬಿಡಬೇಡಿ ಎಂದಿತು. ಓದಲು ಸುಲಭ. ಆದರೆ ಆಶ್ರಯತಾಣವೆಂದರೆ ಯಾವ ಜಾಗ? ಅಲ್ಲಿ ನೀರು ಹಾಕುವವರು ಯಾರು? ಇದಕ್ಕೆ ಉತ್ತರವಿಲ್ಲದೆ ಹಿಡಿಯಲು ಹೊರಟರೆ ಆಗುವುದಿಷ್ಟೇ: ರಾತ್ರೋರಾತ್ರಿ ಟ್ರ್ಯಾಕ್ಟರಿಗೆ ತುಂಬಿ ಯಾವುದೋ ಹಳ್ಳಿಯ ಹೊಲದಲ್ಲಿ ಬಿಡುವುದು. ಅಲ್ಲಿಯ ಕುರಿಗಾರನ ಗತಿ ಏನು? ಇಲ್ಲಿ ಕಸದ ರಾಶಿ ಹಾಗೇ ಇದ್ದರೆ ಬೇರೆ ನಾಯಿ ಬರಲು ಎಷ್ಟು ದಿನ ಬೇಕು?

ಆಗದ ಕೆಲಸ ಇದಲ್ಲ. ರಾಜಸ್ಥಾನದ ಜೈಪುರದಲ್ಲಿ 1994ರಿಂದ ಒಂದು ದಯಾಸಂಸ್ಥೆ ನಾಯಿಗಳಿಗೆ ಆಪರೇಷನ್ ಮಾಡಿ, ಲಸಿಕೆ ಹಾಕಿ ಬಿಡುತ್ತ ಬಂತು. ಎಂಟು ವರ್ಷಗಳಲ್ಲಿ ಆ ಭಾಗದ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು, ಮನುಷ್ಯರಿಗೆ ಹುಚ್ಚುನಾಯಿ ರೋಗ ತಗಲುವುದು ನಿಂತಿತು. ನೂರರಲ್ಲಿ 70 ನಾಯಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಂಗಡಿಕಾರರಲ್ಲಿ ಒಂದು ವಿನಂತಿ. ಉಳಿದದ್ದನ್ನು ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಚೆಲ್ಲಬೇಡಿ, ಜನ ತಿರುಗದ ಒಂದು ಮೂಲೆ ಗೊತ್ತು ಮಾಡಿಕೊಳ್ಳಿ. ಪ್ರಯಾಣಿಕರೇ, ನಾಯಿ ಕಚ್ಚಿದರೆ ಖಾರಪುಡಿ, ಸುಣ್ಣ ಹಚ್ಚಬೇಡಿ. 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ. ಒಂದು ಸೂಜಿಗೆ ನಿಲ್ಲಿಸದೆ ಡಾಕ್ಟರು ಹೇಳಿದಷ್ಟೂ ಹಾಕಿಸಿಕೊಳ್ಳಿ. ರೋಗ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ತಿಳಿಯಿರಿ.

ಇನ್ನು ಪುರಪಿತೃಗಳ ಸರದಿ. ಆಪರೇಷನ್ ಎಂದು, ಎಲ್ಲಿ, ಹಣ ಎಷ್ಟು, ಬಸ್‌ಸ್ಟ್ಯಾಂಡಿನ ನಾಯಿಗಳಿಗೆ ಜಾಗ ಯಾವುದು? ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದು ಪುರಸಭೆಯ ಬೋರ್ಡಿಗೆ ಹಚ್ಚಲಿ. ಗೋಣಿಚೀಲ ಹಿಡಿದ ಹುಡುಗರು ಕೈಜೋಡಿಸಲು ತಯಾರಿದ್ದಾರೆ. ಕರೆಯುವವರು ಯಾರು?